ವಿನ್ಸೆಂಟ್ ದ ಪಾಲ್ ಸಂಘದಲ್ಲಿ ಸದಸ್ಯತ್ವದ ಕಲ್ಪನೆ: ಹೊಣೆ, ಹುದ್ದೆ ಮತ್ತು ದಾಖಲೆ

ಹತ್ತೊಂಬತ್ತನೆಯ ಶತಮಾನದ ಪರೋಪಕಾರಿ ಸಂಘಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಹಣ ಎಲ್ಲಿಂದ ಬಂದಿತು ಎಂಬುದು ಒಂದು. ಆ ಹಣ ಯಾರನ್ನು ತಲುಪಿತು ಎಂಬುದು ಮತ್ತೊಂದು. ಇವೆರಡರ ನಡುವೆ ನಿಂತಿರುವ ವ್ಯಕ್ತಿಯನ್ನು, ಅಂದರೆ ಸಂಘದ ಸದಸ್ಯನನ್ನು ಕುರಿತ ಪ್ರಶ್ನೆ ಬಹುಮಟ್ಟಿಗೆ ಹಿಂದೆ ಉಳಿದಿದೆ. ಅವನು ಯಾವ ಅರ್ಹತೆಯಿಂದ ಸದಸ್ಯನಾಗುತ್ತಾನೆ, ಅವನ ಕರ್ತವ್ಯದ ಮಿತಿ ಯಾವುದು, ಯಾರಿಗೆ ಅವನು ಉತ್ತರಿಸಬೇಕು ಎಂಬ ವಿಚಾರಗಳು ಕೇವಲ ಆಡಳಿತದ ವಿವರಗಳಲ್ಲ. ಕೊಡುವವನಿಗೂ ಪಡೆಯುವವನಿಗೂ ಇರುವ ಸಂಬಂಧವನ್ನು ಒಂದು ಸಂಘ ಹೇಗೆ ಭಾವಿಸಿಕೊಂಡಿದೆ ಎಂಬುದು ಅದರ ಸದಸ್ಯತ್ವದ ನಿಯಮಗಳಲ್ಲಿಯೇ ಸ್ಪಷ್ಟವಾಗಿ ಕಾಣುತ್ತದೆ. ಈ ದೃಷ್ಟಿಯಿಂದ, ಕಥೋಲಿಕ ಗೃಹಸ್ಥರ ಸಂಘಗಳಲ್ಲಿ ಅತ್ಯಂತ ವ್ಯಾಪಕವಾಗಿ ಹರಡಿರುವ ಸಂತ ವಿನ್ಸೆಂಟ್ ದ ಪಾಲ್ ಸಂಘವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮಂಗಳೂರು, ಬೆಂಗಳೂರು, ಮುಂಬಯಿಗಳ ಧರ್ಮಕೇಂದ್ರಗಳಲ್ಲಿ ಈ ಸಂಘದ ಘಟಕಗಳು ಇರುವುದರಿಂದ, ಹೊರನಾಡಿನ ಕನ್ನಡ ಸಂಶೋಧಕರಿಗೂ ಈ ವಿಷಯ ದೂರದ್ದಲ್ಲ.

ಹೆಸರು ಮತ್ತು ಹಿನ್ನೆಲೆ

ಸಂಘಕ್ಕೆ ಹೆಸರು ಕೊಟ್ಟ ವಿನ್ಸೆಂಟ್ ದ ಪಾಲ್ (1581–1660) ಅದರ ಸ್ಥಾಪಕರಲ್ಲ. ಅವರು ತೀರಿಕೊಂಡು ಸುಮಾರು 170 ವರ್ಷಗಳ ಅನಂತರ ಅದು ಹುಟ್ಟಿತು. ಆದರೆ ಅದರ ಮೂಲ ಸಮಸ್ಯೆಯನ್ನು ಅವರು 1617ರಲ್ಲಿಯೇ ಕಂಡಿದ್ದರು. ಫ್ರಾನ್ಸಿನ ಶಾತಿಯೋಂ ಎಂಬ ಊರಿನಲ್ಲಿ ಅವರು ಗುರುಗಳಾಗಿದ್ದಾಗ, ಕಾಯಿಲೆ ಬಿದ್ದ ಒಂದು ಬಡ ಕುಟುಂಬದ ಸ್ಥಿತಿಯನ್ನು ಪ್ರವಚನದಲ್ಲಿ ಪ್ರಸ್ತಾಪಿಸಿದರು. ಅಂದು ಊರಿಗೆ ಊರೇ ಆಹಾರವನ್ನು ಹೊತ್ತು ಆ ಮನೆಗೆ ಹೋಯಿತು. ಆ ದಿನ ಬೇಕಾದುದಕ್ಕಿಂತ ಹೆಚ್ಚು ಬಂದಿತು. ಮುಂದಿನ ದಿನಗಳಿಗೆ ಯಾವ ವ್ಯವಸ್ಥೆಯೂ ಇರಲಿಲ್ಲ. ಕರುಣೆಗೆ ಕೊರತೆಯಿಲ್ಲ, ಕ್ರಮಕ್ಕೆ ಕೊರತೆಯಿದೆ ಎಂಬುದು ಅವರು ಕಂಡುಕೊಂಡ ಸತ್ಯ. ಅದೇ ವರ್ಷ ಅವರು ಅಲ್ಲಿನ ಮಹಿಳೆಯರನ್ನು ಸೇರಿಸಿ ಒಂದು ಸೇವಾ ಬಳಗವನ್ನು ರಚಿಸಿ, ಅದಕ್ಕೆ ನಿಯಮಾವಳಿಯನ್ನು ಬರೆದುಕೊಟ್ಟರು. ಸರದಿಯ ಪ್ರಕಾರ ರೋಗಿಗಳ ಮನೆಗೆ ಹೋಗುವುದು, ಅಡುಗೆ ಮಾಡಿ ಬಡಿಸುವುದು, ಲೆಕ್ಕವಿಡುವುದು, ಇವೆಲ್ಲ ಅದರಲ್ಲಿ ಹಂಚಿಕೆಯಾಗಿದ್ದವು. 1633ರಲ್ಲಿ ಲೂಯೀಸ್ ದ ಮಾರಿಯಾಕ್ ಅವರೊಡನೆ ಸ್ಥಾಪಿಸಿದ ಸೇವಾಭಗಿನಿಯರ ಸಂಸ್ಥೆ ಇದೇ ದಾರಿಯ ಮುಂದಿನ ಹೆಜ್ಜೆ.

ಸಂಘ ಹುಟ್ಟಿದ್ದು 1833ರ ಏಪ್ರಿಲ್ 23ರಂದು, ಪ್ಯಾರಿಸಿನ ಒಂದು ಪತ್ರಿಕಾ ಕಚೇರಿಯಲ್ಲಿ. 1830ರ ಜುಲೈ ಕ್ರಾಂತಿ ಮುಗಿದು ಮೂರು ವರ್ಷವೂ ಆಗಿರಲಿಲ್ಲ. 1832ರ ಕಾಲರಾ ಬಡವರ ಕೇರಿಗಳನ್ನು ಬರಿದುಮಾಡಿತ್ತು. ಕಾನೂನು ವಿದ್ಯಾರ್ಥಿಯಾಗಿದ್ದ ಫ್ರೆಡರಿಕ್ ಓಝನಾಂ ಅವರಿಗೆ ಅಂದು 20 ವರ್ಷ ತುಂಬಿತ್ತು. ಅವರೂ ಸೇರಿ ಆರು ಮಂದಿ ವಿದ್ಯಾರ್ಥಿಗಳು; ಅಧ್ಯಕ್ಷರು ಮಾತ್ರ ವಯಸ್ಸಿನಲ್ಲಿ ಹಿರಿಯರಾದ ಪತ್ರಿಕಾ ಸಂಪಾದಕ ಎಮ್ಯಾನುವೆಲ್ ಬೈಯಿ. ಈ ಯುವಕರು ಅದಕ್ಕೆ ಮುಂಚೆ ಚರಿತ್ರೆ ಮತ್ತು ತತ್ತ್ವಶಾಸ್ತ್ರಗಳನ್ನು ಕುರಿತ ಒಂದು ಚರ್ಚಾಕೂಟವನ್ನು ನಡೆಸುತ್ತಿದ್ದರು. ಅಲ್ಲಿ ಧರ್ಮದ ಗತಕಾಲದ ಹಿರಿಮೆಯನ್ನು ಹೇಳಿದಾಗಲೆಲ್ಲ, ಈಗ ಬಡವರಿಗಾಗಿ ನೀವು ಮಾಡುತ್ತಿರುವುದೇನು ಎಂಬ ಸವಾಲು ಎದುರಾಗುತ್ತಿತ್ತು ಎಂದು ಸಂಘದ ಪರಂಪರೆ ಹೇಳುತ್ತದೆ. ಉತ್ತರ ವಾದದಿಂದ ಬರಲಾರದೆಂದು ಅವರಿಗೆ ಮನವರಿಕೆಯಾಯಿತು. ಆದರೂ ವಾದದ ಕೂಟಕ್ಕಿದ್ದ ‘ಕಾನ್ಫರೆನ್ಸ್’ ಎಂಬ ಹೆಸರನ್ನು ಸೇವೆಯ ಕೂಟಕ್ಕೂ ಉಳಿಸಿಕೊಂಡರು. ಇಂದಿಗೂ ಸಂಘದ ಸ್ಥಳೀಯ ಘಟಕವನ್ನು ಎಲ್ಲೆಡೆ ಕಾನ್ಫರೆನ್ಸ್ ಎಂದೇ ಕರೆಯುತ್ತಾರೆ. 1834ರಲ್ಲಿ ವಿನ್ಸೆಂಟ್ ದ ಪಾಲ್ ಅವರನ್ನು ಪಾಲಕ ಸಂತರನ್ನಾಗಿ ಆರಿಸಿಕೊಂಡ ಮೇಲೆ ಸಂಘದ ಈಗಿನ ಹೆಸರು ರೂಢಿಗೆ ಬಂದಿತು.

ಈ ಯುವಕರಿಗೆ ಬಡವರ ಮನೆಗಳ ಪರಿಚಯ ಇರಲಿಲ್ಲ. ಮೂಫ್ತಾರ್ ಕೇರಿಯಲ್ಲಿ ಬಹುಕಾಲದಿಂದ ಸೇವೆ ಮಾಡುತ್ತಿದ್ದ ಧರ್ಮಭಗಿನಿ ರೊಸಾಲಿ ರಾಂದ್ಯು ಅವರಿಗೆ ಕುಟುಂಬಗಳ ಪಟ್ಟಿಯನ್ನೂ, ರೊಟ್ಟಿ ಮಾಂಸಗಳಿಗೆ ಬದಲಿಸಿಕೊಳ್ಳಬಹುದಾದ ಚೀಟಿಗಳನ್ನೂ ಕೊಟ್ಟರು. ಬಡವನ ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಕಲಿಸಿದರು. ಇಲ್ಲಿ ಒಂದು ವೈಪರೀತ್ಯವಿದೆ. ವಿನ್ಸೆಂಟರ 1617ರ ಬಳಗ ಮಹಿಳೆಯರದು. ಅವರ ಹೆಸರಿನ ಹೊಸ ಸಂಘಕ್ಕೆ ದಾರಿ ತೋರಿಸಿದವರೂ ಮಹಿಳೆಯೇ. ಆದರೆ ಸಂಘದ ಸದಸ್ಯತ್ವ ಮಾತ್ರ ಪುರುಷರಿಗೆ ಸೀಮಿತವಾಗಿತ್ತು. ಈ ವೈಪರೀತ್ಯ ಪರಿಹಾರವಾಗಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಸದಸ್ಯನೆಂದರೆ ಯಾರು?

ಒಂದೂವರೆ ವರ್ಷದಲ್ಲಿ ಸದಸ್ಯರ ಸಂಖ್ಯೆ ನೂರರ ಸಮೀಪಕ್ಕೆ ಬಂದಿತು. ಒಂದೇ ಕೋಣೆಯಲ್ಲಿ ಎಲ್ಲರೂ ಕುಳಿತು ಪ್ರತಿಯೊಂದು ಕುಟುಂಬದ ವಿಷಯವನ್ನು ಮಾತನಾಡುವುದು ಅಸಾಧ್ಯವಾಯಿತು. ಕೂಟವನ್ನು ಒಡೆಯಬೇಕೆಂದು 1834ರ ಕೊನೆಯಲ್ಲಿ ಓಝನಾಂ ಸೂಚಿಸಿದಾಗ ತೀವ್ರವಾದ ವಿರೋಧ ಬಂದಿತು. ಸ್ನೇಹವೇ ಕೂಟದ ಬಲವೆಂದು ನಂಬಿದವರಿಗೆ ಒಡೆಯುವುದೆಂದರೆ ಕೂಟದ ಅಂತ್ಯವೇ ಆಗಿತ್ತು. ಕೊನೆಗೆ 1835ರಲ್ಲಿ ಪ್ರತ್ಯೇಕ ಘಟಕಗಳಾದವು. ಇಪ್ಪತ್ತಕ್ಕಿಂತ ಹೆಚ್ಚು ಜನರ ಸಂಘಗಳಿಗೆ ಸರಕಾರದ ಅನುಮತಿ ಬೇಕೆಂಬ ನಿಯಮ ಫ್ರಾನ್ಸಿನ 1810ರ ದಂಡಸಂಹಿತೆಯಲ್ಲಿತ್ತು. ದೊಡ್ಡ ಸಂಘಗಳು ಸಣ್ಣ ತುಂಡುಗಳಾಗಿ ನುಣುಚಿಕೊಳ್ಳದಂತೆ 1834ರ ಕಾನೂನು ಅದನ್ನು ಇನ್ನೂ ಬಿಗಿಗೊಳಿಸಿತ್ತು. ಸಂಘ ಬೆಳೆದ ಕಾಲದ ಈ ವಾತಾವರಣವನ್ನು ಮರೆಯಬಾರದು. ಅದೇ 1835ರ ಡಿಸೆಂಬರಿನಲ್ಲಿ ಮೊದಲ ನಿಯಮಾವಳಿ ಸಿದ್ಧವಾಯಿತು. ಅದರ ಪೀಠಿಕೆ ಬೈಯಿ ಅವರದು. ವಿಧಿಗಳನ್ನು ಬರೆದವರು ಫ್ರಾಂಸ್ವಾ ಲಾಲಿಯೆ.

ಈ ನಿಯಮಾವಳಿಯ ವೈಶಿಷ್ಟ್ಯ ಸದಸ್ಯರ ವರ್ಗೀಕರಣದಲ್ಲಿದೆ. ವಾರದ ಕೂಟಕ್ಕೆ ಬಂದು, ತನಗೆ ವಹಿಸಿದ ಕುಟುಂಬವನ್ನು ಅದರ ಮನೆಯಲ್ಲಿಯೇ ಕಾಣುವವನು ಸಕ್ರಿಯ ಸದಸ್ಯ. ವಯಸ್ಸು, ಕಾಯಿಲೆ ಅಥವಾ ಕೆಲಸದ ಕಾರಣದಿಂದ ಭೇಟಿಗೆ ಹೋಗಲಾರದೆ, ಕಾಣಿಕೆಯಿಂದಲೂ ಪ್ರಾರ್ಥನೆಯಿಂದಲೂ ಸಹಕರಿಸುವವರು ಬೇರೆಯ ವರ್ಗ; ಇವರಿಗೆ ಕಾಲದಿಂದ ಕಾಲಕ್ಕೆ ಗೌರವ ಸದಸ್ಯರು, ಸಹಾಯಕ ಸದಸ್ಯರು ಎಂಬ ಹೆಸರುಗಳಿದ್ದವು. ಹಣ ಮಾತ್ರ ಕೊಡುವವರು ಉಪಕಾರಿಗಳು. ಅಂದರೆ ಎಷ್ಟೇ ದೊಡ್ಡ ಮೊತ್ತವೂ ಸಕ್ರಿಯ ಸದಸ್ಯನ ಸ್ಥಾನವನ್ನು ತಂದುಕೊಡುತ್ತಿರಲಿಲ್ಲ. ಬಡವನ ಮನೆಯ ಮೆಟ್ಟಿಲು ಹತ್ತಿದವನಿಗೇ ಆ ಸ್ಥಾನ.

ಇದರ ಮಹತ್ತ್ವ ಸಮಕಾಲೀನ ಪದ್ಧತಿಗಳೊಡನೆ ಹೋಲಿಸಿದಾಗ ತಿಳಿಯುತ್ತದೆ. ಆ ಕಾಲದ ಇಂಗ್ಲೆಂಡಿನ ಧರ್ಮಾರ್ಥ ಆಸ್ಪತ್ರೆಗಳಲ್ಲಿ ಚಂದಾದಾರನಿಗೆ ರೋಗಿಗಳನ್ನು ಶಿಫಾರಸು ಮಾಡುವ ಹಕ್ಕು ಬರುತ್ತಿತ್ತು. ಬಡವನು ಚಿಕಿತ್ಸೆ ಬೇಕಾದರೆ ಅವನಿಂದ ಪತ್ರ ತರಬೇಕಾಗಿತ್ತು. ಹಣವೇ ಅಲ್ಲಿ ಅಧಿಕಾರ. 1834ರಲ್ಲಿ ಅದೇ ಇಂಗ್ಲೆಂಡ್ ತನ್ನ ಬಡವರ ಕಾನೂನನ್ನು ತಿದ್ದಿ, ದುಡಿಯಲು ಶಕ್ತನಾದವನು ಮನೆಯಲ್ಲಿದ್ದುಕೊಂಡೇ ನೆರವು ಪಡೆಯುವುದನ್ನು ತಡೆಯಲು ಮುಂದಾಯಿತು. ನೆರವು ಬೇಕಾದವನು ದುಡಿಮೆಯ ಮನೆಗೆ ಹೋಗಬೇಕಾಗಿತ್ತು. ಒಂದೆಡೆ ಬಡವನನ್ನು ಮನೆಯಿಂದ ಹೊರಡಿಸುವ ಕಾನೂನು, ಮತ್ತೊಂದೆಡೆ ಸದಸ್ಯನನ್ನು ಬಡವನ ಮನೆಗೆ ಕಳುಹಿಸುವ ನಿಯಮ: ಒಂದು ವರ್ಷದ ಅಂತರದಲ್ಲಿ ರೂಪುಗೊಂಡ ಈ ಎರಡು ಪಠ್ಯಗಳನ್ನು ಒಟ್ಟಿಗೆ ಇಟ್ಟು ಓದಬೇಕು. ಮುಂದೆ 1853ರಲ್ಲಿ ಜರ್ಮನಿಯ ಎಲ್ಬರ್‌ಫೆಲ್ಡ್ ನಗರವೂ, 1869ರಲ್ಲಿ ಲಂಡನ್ನಿನ ದಾನ ಸಂಘಟನಾ ಸಂಸ್ಥೆಯೂ ಸ್ವಯಂಸೇವಕರ ಗೃಹಭೇಟಿಯನ್ನು ಬಳಸಿಕೊಂಡವು. ಆದರೆ ಅಲ್ಲಿ ಭೇಟಿಯ ಮುಖ್ಯ ಗುರಿ ಅರ್ಹರನ್ನು ಅನರ್ಹರಿಂದ ಬೇರ್ಪಡಿಸುವ ವಿಚಾರಣೆ. ವಿನ್ಸೆಂಟ್ ಸಂಘದಲ್ಲಿಯೂ ವಿಚಾರಣೆ ಇಲ್ಲದಿರಲಿಲ್ಲ. ಆದರೆ ಅದರ ನಿಯಮಾವಳಿ ಭೇಟಿಗೆ ಮತ್ತೊಂದು ಗುರಿಯನ್ನು ಮೊದಲಿಗೆ ಇಟ್ಟಿತು: ಭೇಟಿ ಕೊಡುವವನ ಆತ್ಮೋನ್ನತಿ.

ಈ ಗುರಿಯೇ ಸಂಘದ ಬಲವೂ ಹೌದು, ಅದರ ವಿರುದ್ಧದ ಮುಖ್ಯ ಆಕ್ಷೇಪಣೆಯ ಮೂಲವೂ ಹೌದು. ಸದಸ್ಯನ ಪುಣ್ಯಕ್ಕೆ ಬಡವನು ಸಾಧನವಾಗಿಬಿಡುವುದಿಲ್ಲವೆ ಎಂಬ ಪ್ರಶ್ನೆ ಸಹಜವಾದುದು. ಓಝನಾಂ ಅವರಿಗೆ ಈ ಅಪಾಯದ ಅರಿವಿತ್ತು. 1839–40ರಲ್ಲಿ ಲಿಯೋಂ ನಗರದಲ್ಲಿ ವಾಣಿಜ್ಯ ಕಾನೂನನ್ನು ಬೋಧಿಸುವಾಗ ಅವರು ಕೂಲಿಯ ನ್ಯಾಯವನ್ನು ಕುರಿತು ಉಪನ್ಯಾಸ ಮಾಡಿದ್ದರು. 1848ರ ಕ್ರಾಂತಿಯ ವರ್ಷ ‘ಲೇರ್ ನೂವೆಲ್’ ಪತ್ರಿಕೆಯ ಸ್ಥಾಪಕರಲ್ಲಿ ಒಬ್ಬರಾಗಿ ಕಾರ್ಮಿಕರ ಪ್ರಶ್ನೆಯನ್ನು ಎತ್ತಿಕೊಂಡರು. ದಾನವು ನ್ಯಾಯಕ್ಕೆ ಬದಲಿಯಲ್ಲವೆಂಬುದು ಅವರ ನಿಲುವು. ಆದರೆ ಇದು ಸ್ಥಾಪಕರೊಬ್ಬರ ನಿಲುವಾಗಿತ್ತೇ ಹೊರತು 1835ರ ನಿಯಮಾವಳಿಯ ಭಾಷೆಯಾಗಿರಲಿಲ್ಲ. ನ್ಯಾಯದ ಮಾತು ಸಂಘದ ನಿಯಮದೊಳಕ್ಕೆ ಸ್ಪಷ್ಟವಾಗಿ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ.

ಹುದ್ದೆಗಳು ಮತ್ತು ವಾರದ ಕೂಟ

ಒಂದು ಕಾನ್ಫರೆನ್ಸಿಗೆ ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ ಮತ್ತು ಖಜಾಂಚಿ ಇರುತ್ತಾರೆ. ಬಟ್ಟೆಬರೆಗಳ ಉಸ್ತುವಾರಿಗೆ ಒಬ್ಬರು, ಪುಸ್ತಕಗಳಿಗೆ ಒಬ್ಬರು ಎಂದು ಹಳೆಯ ಘಟಕಗಳಲ್ಲಿ ನೇಮಿಸುವುದೂ ಉಂಟಾಗಿತ್ತು. ಗುರುಗಳು ಆಧ್ಯಾತ್ಮಿಕ ಸಲಹೆಗಾರರಾಗಿ ಕುಳಿತುಕೊಳ್ಳಬಹುದು; ಆದರೆ ಅಧ್ಯಕ್ಷತೆ ಗೃಹಸ್ಥರದು. ಧರ್ಮಸಭೆಯ ಬಹುತೇಕ ಕಾರ್ಯಗಳನ್ನು ಗುರುವರ್ಗವೇ ನಡೆಸುತ್ತಿದ್ದ ಕಾಲದಲ್ಲಿ ಈ ಹಂಚಿಕೆ ಸಾಮಾನ್ಯವಾದುದಾಗಿರಲಿಲ್ಲ.

ಕೂಟದ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಪ್ರಾರ್ಥನೆ ಮತ್ತು ಧಾರ್ಮಿಕ ವಾಚನವಾದ ಮೇಲೆ ಕಾರ್ಯದರ್ಶಿ ಹಿಂದಿನ ಕೂಟದ ನಡವಳಿಯನ್ನು ಓದುತ್ತಾರೆ. ಖಜಾಂಚಿ ಕೈಯಲ್ಲಿರುವ ಹಣವನ್ನು ತಿಳಿಸುತ್ತಾರೆ. ಅನಂತರ ಭೇಟಿಗೆ ಹೋದವರು ಒಬ್ಬೊಬ್ಬರಾಗಿ ತಮ್ಮ ಕುಟುಂಬಗಳ ಸ್ಥಿತಿಯನ್ನು ವರದಿ ಮಾಡುತ್ತಾರೆ. ನೆರವನ್ನು ಮುಂದುವರಿಸಬೇಕೆ, ಹೆಚ್ಚಿಸಬೇಕೆ, ನಿಲ್ಲಿಸಬೇಕೆ ಎಂಬುದನ್ನು ಕೂಟ ನಿರ್ಧರಿಸುತ್ತದೆ. ಭೇಟಿ ಸಾಮಾನ್ಯವಾಗಿ ಇಬ್ಬರು ಕೂಡಿ ಮಾಡತಕ್ಕದ್ದು. ಒಬ್ಬರ ಕಣ್ಣಿಗೆ ಬೀಳದ್ದು ಮತ್ತೊಬ್ಬರಿಗೆ ಕಾಣುತ್ತದೆ. ಒಬ್ಬರ ಮೇಲೆ ಬರಬಹುದಾದ ಸಂಶಯಕ್ಕೆ ಮತ್ತೊಬ್ಬರು ಸಾಕ್ಷಿ.

ಕೊನೆಯಲ್ಲಿ ನಡೆಯುವುದು ಗುಪ್ತ ಸಂಗ್ರಹ. ಒಂದು ಚೀಲ ಕೈಯಿಂದ ಕೈಗೆ ಸಾಗುತ್ತದೆ. ಪ್ರತಿಯೊಬ್ಬನೂ ತನ್ನ ಶಕ್ತ್ಯನುಸಾರ ಅದರಲ್ಲಿ ಹಾಕುತ್ತಾನೆ. ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯುವುದಿಲ್ಲ. ಒಟ್ಟು ಮೊತ್ತ ಮಾತ್ರ ಲೆಕ್ಕಕ್ಕೆ ಬರುತ್ತದೆ. ಇದು ನೋಡಲು ಸಣ್ಣ ಏರ್ಪಾಡು. ಆದರೆ ಇದರಿಂದ ಸಿರಿವಂತನಾದ ಸದಸ್ಯನೂ ಬಡ ಗುಮಾಸ್ತನೂ ಒಂದೇ ಸಾಲಿನಲ್ಲಿ ಕುಳಿತುಕೊಳ್ಳುವುದು ಸಾಧ್ಯವಾಯಿತು. ಚಂದಾದಾರರ ಹೆಸರುಗಳನ್ನೂ ಅವರು ಕೊಟ್ಟ ಮೊತ್ತಗಳನ್ನೂ ಅಚ್ಚು ಹಾಕಿಸಿ ಹಂಚುವುದು ಪರೋಪಕಾರಿ ಸಂಘಗಳ ಸಾಮಾನ್ಯ ಪದ್ಧತಿಯಾಗಿದ್ದ ಕಾಲವದು ಎಂಬುದನ್ನು ನೆನೆದರೆ ಈ ಚೀಲದ ಅರ್ಥ ಸ್ಪಷ್ಟವಾಗುತ್ತದೆ.

ಗುಟ್ಟು ಬಡವನ ವಿಷಯದಲ್ಲಿಯೂ ಇತ್ತು. ಕೂಟದಲ್ಲಿ ಕೇಳಿದ ಹೆಸರು ಕೂಟದ ಹೊರಗೆ ಹೋಗಬಾರದು. ಮೇಲಿನ ಮಂಡಲಿಗಳಿಗೆ ಹೋಗುವ ವಾರ್ಷಿಕ ವರದಿಯಲ್ಲಿ ಕುಟುಂಬಗಳ ಸಂಖ್ಯೆ, ಭೇಟಿಗಳ ಸಂಖ್ಯೆ, ಆಯವ್ಯಯ, ಇಷ್ಟೇ. ಹಣವನ್ನು ಕೂಡಿಡುವುದಕ್ಕೂ ಸಂಘದ ಪರಂಪರೆಯಲ್ಲಿ ವಿರೋಧವಿದೆ: ಬಂದದ್ದು ಬೇಗನೆ ಬಡವರಿಗೆ ಹೋಗಬೇಕು. ಹೀಗಾಗಿ ಖಜಾಂಚಿಯ ಹೊಣೆ ನಿಧಿಯನ್ನು ಬೆಳೆಸುವುದಲ್ಲ, ಅದನ್ನು ಸರಿಯಾಗಿ ಬರಿದುಮಾಡುವುದು.

ವಿಸ್ತಾರ, ಅಧಿಕಾರ, ಸಂಘರ್ಷ

1836ರಲ್ಲಿ ಲಿಯೋಂ, 1844ರಲ್ಲಿ ಡಬ್ಲಿನ್ ಮತ್ತು ಲಂಡನ್, 1845ರಲ್ಲಿ ಅಮೆರಿಕದ ಸೇಂಟ್ ಲೂಯಿಸ್: ಸಂಘ ಹರಡಿದ ವೇಗ ಗಮನಾರ್ಹ. 1845ರಲ್ಲಿ ಪೋಪ್ ಹದಿನಾರನೆಯ ಗ್ರೆಗೊರಿ ಅವರ ಆಜ್ಞಾಪತ್ರಗಳು ಸದಸ್ಯರಿಗೂ ಉಪಕಾರಿಗಳಿಗೂ ಆಧ್ಯಾತ್ಮಿಕ ಸೌಲಭ್ಯಗಳನ್ನು ನೀಡಿ ಸಂಘಕ್ಕೆ ಮನ್ನಣೆ ಕೊಟ್ಟವು. ಹೊಸ ಘಟಕವೊಂದು ಸಂಘಕ್ಕೆ ಸೇರಬೇಕಾದರೆ ಪ್ಯಾರಿಸಿನ ಮಹಾಮಂಡಲಿಯ ಅಂಗೀಕಾರಪತ್ರ ಬೇಕು. ಕಾನ್ಫರೆನ್ಸುಗಳ ಮೇಲೆ ಸ್ಥಳೀಯ ಮಂಡಲಿ, ಅದರ ಮೇಲೆ ಪ್ರಾಂತೀಯ ಮತ್ತು ರಾಷ್ಟ್ರೀಯ ಮಂಡಲಿಗಳು ಬೆಳೆದವು.

ಈ ಜಾಲವೇ ಸರಕಾರದ ಸಂಶಯಕ್ಕೆ ಕಾರಣವಾಯಿತು. ಮೂರನೆಯ ನೆಪೋಲಿಯನ್ನನ ಗೃಹಮಂತ್ರಿ ಪೆರ್ಸಿನ್ಯಿ 1861ರ ಅಕ್ಟೋಬರಿನಲ್ಲಿ ಹೊರಡಿಸಿದ ಸುತ್ತೋಲೆ ಸಂಘದ ಕೇಂದ್ರಾಡಳಿತವನ್ನು ಗುರಿಮಾಡಿತು. ಊರೂರಿನ ಕಾನ್ಫರೆನ್ಸುಗಳು ಬಡವರಿಗೆ ರೊಟ್ಟಿ ಕೊಡುವುದಕ್ಕೆ ಆಕ್ಷೇಪಣೆಯಿರಲಿಲ್ಲ. ಅವುಗಳನ್ನು ಒಂದಾಗಿ ಹಿಡಿದಿದ್ದ ಮಹಾಮಂಡಲಿ, ಸರಕಾರವೇ ನೇಮಿಸುವ ಅಧ್ಯಕ್ಷನನ್ನು ಒಪ್ಪಿಕೊಳ್ಳಬೇಕೆಂಬುದು ಬೇಡಿಕೆ. ಒಪ್ಪದ ಕಾರಣ ಮಹಾಮಂಡಲಿ ವಿಸರ್ಜಿತವಾಯಿತು. 1848ರಿಂದ 1886ರವರೆಗೆ ಮಹಾಧ್ಯಕ್ಷರಾಗಿದ್ದ ಅದೋಲ್ಫ್ ಬೋದೋಂ ಈ ಕಷ್ಟಕಾಲವನ್ನು ದಾಟಿಸಿದರು. ಅಧ್ಯಕ್ಷನನ್ನು ಯಾರು ನೇಮಿಸಬೇಕೆಂಬ ಪ್ರಶ್ನೆ ಒಂದು ಸಾಮ್ರಾಜ್ಯಕ್ಕೂ ಒಂದು ಪರೋಪಕಾರಿ ಸಂಘಕ್ಕೂ ನಡುವೆ ಜಗಳವಾಗಬಹುದಾದರೆ, ಹುದ್ದೆಗಳ ನಿಯಮವನ್ನು ಕ್ಷುಲ್ಲಕವೆಂದು ಬದಿಗಿಡುವಂತಿಲ್ಲ. ಒಬ್ಬರೇ ಸುಮಾರು 38 ವರ್ಷ ಮಹಾಧ್ಯಕ್ಷರಾಗಿದ್ದ ಆ ಪದ್ಧತಿಯೂ ಮುಂದೆ ಬದಲಾಯಿತು. ಈಗ ಮಹಾಧ್ಯಕ್ಷರ ಅವಧಿ ಆರು ವರ್ಷ.

ಮಹಿಳೆಯರ ವಿಷಯಕ್ಕೆ ಬಂದರೆ, 1856ರಲ್ಲಿ ಇಟಲಿಯ ಬೊಲೊನ್ಯದಲ್ಲಿ ಚೆಲೆಸ್ತೀನ ಸ್ಕರಬೆಲ್ಲಿ ಅವರು ಮಹಿಳೆಯರದೇ ಕಾನ್ಫರೆನ್ಸನ್ನು ಸ್ಥಾಪಿಸಿದರು. ಅದು ಬೆಳೆದು ಸಮಾನಾಂತರ ಸಂಘವಾಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ಅನಂತರ, 1960ರ ದಶಕದ ಕೊನೆಯಲ್ಲಿ ಎರಡೂ ಒಂದಾದವು. 1997ರ ಆಗಸ್ಟ್ 22ರಂದು ಓಝನಾಂ ಅವರಿಗೂ, 2003ರ ನವೆಂಬರ್ 9ರಂದು ರೊಸಾಲಿ ರಾಂದ್ಯು ಅವರಿಗೂ ಧರ್ಮಸಭೆ ‘ಧನ್ಯ’ ಪದವಿಯನ್ನು ಘೋಷಿಸಿತು. 2003ರಲ್ಲಿ ಬಂದ ಹೊಸ ನಿಯಮಾವಳಿ ನೆರವಿಗೆ ಜಾತಿ, ಮತ, ಲಿಂಗ, ರಾಜಕೀಯ ಅಭಿಪ್ರಾಯಗಳ ಅಡ್ಡಿಯಿಲ್ಲವೆಂದು ಹೇಳುತ್ತದೆ. ನಿರ್ಣಯಗಳು ಸಾಧ್ಯವಾದಷ್ಟು ಒಮ್ಮತದಿಂದ ಆಗಬೇಕೆನ್ನುತ್ತದೆ. ಬಡತನದ ಕಾರಣಗಳನ್ನು, ಅನ್ಯಾಯವನ್ನು ಎದುರಿಸುವುದೂ ಸದಸ್ಯನ ಹೊಣೆಯೆನ್ನುತ್ತದೆ. ಭೇಟಿ ಕೊಡುವವನ ಆತ್ಮೋನ್ನತಿಯ ಮಾತು ಅಲ್ಲಿಯೂ ಇದೆ. ಎರಡು ಗುರಿಗಳು ಈಗ ಅಕ್ಕಪಕ್ಕದಲ್ಲಿ ನಿಂತಿವೆ. ಅವುಗಳ ನಡುವಿನ ಎಳೆದಾಟ ಮುಗಿದಿಲ್ಲ.

ಕನ್ನಡದ ಸಂದರ್ಭ

ಕನ್ನಡದಲ್ಲಿ ಈ ಸಂಘವನ್ನು ಕುರಿತು ಬರೆಯುವವರಿಗೆ ಮೊದಲು ಎದುರಾಗುವುದು ಪದಗಳ ತೊಡಕು. ‘ಸಭೆ’ ಎಂದರೆ ವಾರದ ಕೂಟವೂ ಆಗಬಹುದು, ಸಂಘವೂ ಆಗಬಹುದು, ಧರ್ಮಸಭೆಯೂ ಆಗಬಹುದು. ಸಂಘದ ಮೂಲ ಪರಿಕಲ್ಪನೆಯಾದ ‘ಕಾರಿತಾಸ್’ ಎಂಬುದನ್ನು ‘ದಾನ’ ಎಂದು ಅನುವಾದಿಸಿದರೆ ಅರ್ಥ ಕುಗ್ಗುತ್ತದೆ. ಮೂಲದಲ್ಲಿ ಅದು ಪ್ರೀತಿ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ಆ ಮೇಲು-ಕೀಳನ್ನು ಅಳಿಸುವ ಯತ್ನವೇ ‘ದಾಸೋಹ’ದ ಕಲ್ಪನೆಯ ಹಿಂದೆಯೂ ಇದೆ: ಕೊಡುವವನು ತನ್ನನ್ನು ದಾಸನೆಂದು ತಿಳಿಯಬೇಕು. ಎರಡು ಪರಂಪರೆಗಳ ತಾತ್ತ್ವಿಕ ನೆಲೆಗಳು ಬೇರೆ. ಒಂದನ್ನು ಮತ್ತೊಂದಕ್ಕೆ ಸಮೀಕರಿಸುವುದು ತಪ್ಪಾದೀತು. ಆದರೆ ಕೊಡುವವನ ಅಹಂಕಾರವನ್ನು ಒಂದು ಸಮುದಾಯ ಯಾವ ಶಿಸ್ತಿನಿಂದ ತಡೆಯುತ್ತದೆ ಎಂಬ ಪ್ರಶ್ನೆಯನ್ನು ಎರಡಕ್ಕೂ ಕೇಳಬಹುದು. ಒಂದು ಕಡೆ ಉತ್ತರ ಪಂಕ್ತಿಯಲ್ಲಿದೆ, ಮತ್ತೊಂದು ಕಡೆ ಗುಪ್ತ ಚೀಲದಲ್ಲಿ.

ಎರಡನೆಯದು ಆಕರಗಳ ಪ್ರಶ್ನೆ. ಪ್ರತಿಯೊಂದು ಕಾನ್ಫರೆನ್ಸೂ ವಾರವಾರ ನಡವಳಿ ಬರೆಯಬೇಕೆಂಬ ನಿಯಮವಿರುವುದರಿಂದ, ಹಳೆಯ ಧರ್ಮಕೇಂದ್ರಗಳಲ್ಲಿ ಈ ಪುಸ್ತಕಗಳು ಉಳಿದಿರುವಲ್ಲಿ ಅವು ಅಮೂಲ್ಯ ಸಾಮಗ್ರಿ. ಅಕ್ಕಿಯ ಬೆಲೆ, ಮನೆ ಬಾಡಿಗೆ, ಕಾಯಿಲೆ, ನಿರುದ್ಯೋಗ, ವಲಸೆ, ಮದುವೆಯ ಸಾಲ, ಇವೆಲ್ಲ ಒಂದೊಂದು ಸಾಲಿನಲ್ಲಿ ದಾಖಲಾಗುವ ಜಾಗವದು. ಕರಾವಳಿಯಿಂದ ಮುಂಬಯಿಗೆ ಹೋದ ಕುಟುಂಬಗಳ ಚರಿತ್ರೆಗೆ ಎರಡೂ ಕಡೆಯ ನಡವಳಿಗಳು ಪೂರಕವಾಗಬಲ್ಲವು: ಹೊರಟ ಊರಿನಲ್ಲಿ ಉಳಿದ ಮುದುಕರು ಒಂದು ಪುಸ್ತಕದಲ್ಲಿ, ತಲುಪಿದ ಊರಿನಲ್ಲಿ ಕೆಲಸ ಸಿಗದ ಯುವಕರು ಮತ್ತೊಂದರಲ್ಲಿ. ಕೊಂಕಣಿ, ಕನ್ನಡ, ತಮಿಳು, ಇಂಗ್ಲಿಷ್ ಭಾಷೆಗಳ ನಡುವೆ ಬದುಕುವ ಈ ಸಮುದಾಯಗಳು ಬಡತನವನ್ನು ಯಾವ ಭಾಷೆಯಲ್ಲಿ ಬರೆದಿಟ್ಟವು ಎಂಬುದು ಭಾಷಾ ಸಮಾಜಶಾಸ್ತ್ರಕ್ಕೂ ಸೇರಿದ ಪ್ರಶ್ನೆ. ಇದಲ್ಲದೆ, ಭಾರತದ ಅನೇಕ ಕಾನ್ಫರೆನ್ಸುಗಳು ಪರದೇಶದ ಕಾನ್ಫರೆನ್ಸುಗಳೊಡನೆ ಜೋಡಿಯಾಗಿ, ಪತ್ರವನ್ನೂ ನೆರವನ್ನೂ ವಿನಿಮಯ ಮಾಡಿಕೊಂಡಿವೆ. ಇಲ್ಲಿನ ಕಾರ್ಯದರ್ಶಿ ತನ್ನ ಕೇರಿಯ ಬಡತನವನ್ನು ಅಲ್ಲಿನ ಓದುಗನಿಗೆ ಹೇಗೆ ವಿವರಿಸಿದ ಎಂಬುದೂ ಅಧ್ಯಯನಯೋಗ್ಯ.

ಆದರೆ ಈ ಆಕರಗಳಿಗೆ ಒಂದು ಮಿತಿಯಿದೆ. ನಡವಳಿಯನ್ನು ಬರೆದವನು ಭೇಟಿ ಕೊಟ್ಟವನು, ಭೇಟಿ ಪಡೆದವನಲ್ಲ. ಬಾಗಿಲು ತೆರೆದ ಹೆಂಗಸು ಆ ಇಬ್ಬರನ್ನು ಏನೆಂದು ಭಾವಿಸಿದಳು, ಚೀಟಿಯನ್ನು ಯಾವ ಮನಸ್ಸಿನಿಂದ ತೆಗೆದುಕೊಂಡಳು ಎಂಬುದು ಆ ಪುಟಗಳಲ್ಲಿ ಇರುವುದಿಲ್ಲ. ಮೌಖಿಕ ಚರಿತ್ರೆಯೊಂದೇ ಇದಕ್ಕೆ ದಾರಿ, ಅದೂ ಬಲ್ಲವರು ಬದುಕಿರುವವರೆಗೆ.

ಕೊನೆಯದಾಗಿ ಒಂದು ನೈತಿಕ ಪ್ರಶ್ನೆಯನ್ನು ಎತ್ತಬೇಕಾಗಿದೆ. ಕೂಟದಲ್ಲಿ ಕೇಳಿದ ಹೆಸರು ಹೊರಗೆ ಹೋಗದೆಂಬ ಭರವಸೆಯ ಮೇಲೆ ಆ ಕುಟುಂಬಗಳು ತಮ್ಮ ಕಷ್ಟವನ್ನು ಹೇಳಿಕೊಂಡವು. ಆ ಭರವಸೆಗೆ ಅವಧಿಯನ್ನು ಯಾರೂ ಗೊತ್ತುಮಾಡಿರಲಿಲ್ಲ. ಅಂದು ನೆರವು ಪಡೆದವರ ಮೊಮ್ಮಕ್ಕಳು ಇಂದು ಅದೇ ಧರ್ಮಕೇಂದ್ರದಲ್ಲಿ ಇರಬಹುದು, ಅದೇ ಕಾನ್ಫರೆನ್ಸಿನ ಸದಸ್ಯರೂ ಆಗಿರಬಹುದು. ಹಳೆಯ ಪುಸ್ತಕವನ್ನು ಬಿಚ್ಚುವ ಸಂಶೋಧಕನು ಆ ಕೂಟದಲ್ಲಿ ತಡವಾಗಿ ಬಂದು ಕುಳಿತವನೇ ಸರಿ. ಸಂಖ್ಯೆಗಳನ್ನು, ಕಾರಣಗಳನ್ನು, ಬೆಲೆಗಳನ್ನು ಅವನು ಹೊರಗೆ ತರಬಹುದು, ತರಲೇಬೇಕು. ಹೆಸರುಗಳನ್ನು ಅಲ್ಲಿಯೇ ಬಿಟ್ಟು ಬರುವುದು 1835ರ ನಿಯಮಾವಳಿ ಸದಸ್ಯನಿಗೆ ವಹಿಸಿದ ಹೊಣೆಗಳಲ್ಲಿ ಅವನಿಗೂ ಅನ್ವಯಿಸುವ ಹೊಣೆ.